ನೀಲಿಗೇ ನಿಲ್ಲುವ ನೀರು

೧೮ ನವೆಂಬರ್ ೧೯೭೪, ಸೋಮವಾರ

ಜಯರಾಮನ್ ಮೈಸೂರಿನಿಂದ ಕಳಿಸಿದ ಪಾರ್ಸೆಲು ಕೊನೆಗೂ ಊಟಿ ತಲುಪಿತು. ಒಂದು ಸೀಸೆ ಮ್ಯಾಲೋನಿಕ್ ಆಸಿಡ್, ಜೊತೆಗೆ ಅಮೆರಿಕದ ಯಾವುದೋ ಪತ್ರಿಕೆ ನೋಡಿ ಅವನೇ ಕೈಯಲ್ಲಿ ನಕಲು ಮಾಡಿದ ಎರಡು ಹಾಳೆ. ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು ನಾವು. ಅವನು ಕಾಲೇಜು ಸೇರಿದ, ನಾನು ಈ ಚಳಿಯೂರಿನ ಹೈಸ್ಕೂಲು ಸೇರಿದೆ. ಮೂರು ದ್ರಾವಣ ಬೆರೆಸಿದರೆ ನೀರಿನಂತಿದ್ದದ್ದು ಜೇನಿನ ಬಣ್ಣಕ್ಕೆ ಬಂದು, ಫಕ್ಕನೆ ನೀಲಿಯಾಗಿ, ಮತ್ತೆ ತಾನಾಗಿಯೇ ನೀರಿನಂತಾಗಿ, ಮತ್ತೆ ಜೇನಾಗುತ್ತದಂತೆ. ಯಾರೂ ಮುಟ್ಟಬೇಕಿಲ್ಲವಂತೆ. ಹದಿನಾಲ್ಕು ವರ್ಷ ರಸಾಯನಶಾಸ್ತ್ರ ಹೇಳಿದ್ದೇನೆ, ಸುಟ್ಟ ಕಡ್ಡಿ ತಿರುಗಿ ಕಡ್ಡಿಯಾದದ್ದನ್ನು ಕಂಡಿಲ್ಲ. ಕಣ್ಣಾರೆ ನೋಡಿದ ಮೇಲೆ ನಂಬುತ್ತೇನೆ.

ಮಾಡಿ ನೋಡಿದೆ, ಆಗಲಿಲ್ಲ. ದ್ರಾವಣವೊಂದಕ್ಕೆ ಸೇರಿಸಬೇಕಾದ ಗಂಜಿಗೆಂದು ಅಂಗಡಿಯಿಂದ ತಂದ ಪುಡಿ ಗಂಟುಗಂಟಾಯಿತು. ಬೆಳಿಗ್ಗೆ ಪ್ರಯೋಗಶಾಲೆಯೊಳಗೇ ಎಂಟು ಡಿಗ್ರಿ. ಫ್ಲಾಸ್ಕಿನ ತಳದಲ್ಲಿ ಕೊಳಕು ನೀಲಿ ಕೂತದ್ದು ಕದಲಲೇ ಇಲ್ಲ. ಹೆಡ್‌ಮಾಸ್ಟರ್ ರಂಗನಾಥನ್ ಬಾಗಿಲಲ್ಲಿ ನಿಂತು, ಡಿಸೆಂಬರಿನ ವಸ್ತುಪ್ರದರ್ಶನಕ್ಕೆ ಇದೇನಾ ಎಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ನನ್ನ ಹೆಂಡತಿ ಮಾಯಮ್ಮನಿಗೆ ಐದನೆಯ ತಿಂಗಳು ನಡೆಯುತ್ತಿದೆ. ಲೇಡಿ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ: ರಕ್ತದೊತ್ತಡ ಏರುತ್ತಿದೆ, ಏಳು ಹಿಡಿಯುತ್ತಲೇ ಆಸ್ಪತ್ರೆ ಸೇರಿ ಹಾಸಿಗೆಯಲ್ಲೇ ಇರಬೇಕು, ಹಾಗಿದ್ದರೆ ಮಗು ಉಳಿಯುವ ಸಾಧ್ಯತೆ ಉಂಟು. ಮೊದಲಿನ ಎರಡೂ ಗುಂಡ್ಲುಪೇಟೆಯ ಮನೆಯಲ್ಲೇ, ಏಳನೆಯ ತಿಂಗಳಲ್ಲೇ ಹೋದವು. ಈ ಸಲ ಅವಳು ಆಸ್ಪತ್ರೆಗೆ ಒಪ್ಪಿದ್ದಾಳೆ. ಅಷ್ಟರಮಟ್ಟಿಗೆ ಸಮಾಧಾನ.

೨೩ ನವೆಂಬರ್, ಶನಿವಾರ

ಆಯಿತು! ಇಪ್ಪತ್ತೊಂದು ಸಲ!

ನಮ್ಮ ಲ್ಯಾಬ್ ಅಟೆಂಡರ್ ಜೋಗಿ ನಂಜನಾಡಿನವನು, ನನಗಿಂತ ಹತ್ತು ವರ್ಷ ದೊಡ್ಡವನು. ತನ್ನ ಹೊಲದಿಂದ ಗೋಲಿಯಷ್ಟು ಸಣ್ಣ ಆಲೂಗೆಡ್ಡೆಗಳನ್ನು ಒಂದು ಚೀಲ ತಂದುಕೊಟ್ಟ. ಮಾಯಮ್ಮ ಅವನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ, ತಳದಲ್ಲಿ ಕೂತ ಬಿಳಿಹಿಟ್ಟಿನಿಂದ ಒಂದು ಚಿಟಿಕೆ ತೆಗೆದು ಗಂಜಿ ಕಾಯಿಸಿಕೊಟ್ಟಳು. ಗಾಜಿನಂಥ ಗಂಜಿ. ಯಾತಕ್ಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫ್ಲಾಸ್ಕನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಬೆರೆಸಿದೆ. ನೀರು, ಜೇನು, ನೀಲಿ. ನೀರು, ಜೇನು, ನೀಲಿ. ಮೊದಮೊದಲು ಹದಿನೈದು ಸೆಕೆಂಡಿಗೊಮ್ಮೆ, ಬರಬರುತ್ತ ನಿಧಾನ. ಆರೇಳು ನಿಮಿಷಕ್ಕೆ ಕಡುನೀಲಿಯಲ್ಲಿ ನಿಂತು ಅಯೊಡಿನ್ ವಾಸನೆ ಹೊಡೆಯಿತು. ನಾನು ಹುಚ್ಚನಂತೆ ನಗುತ್ತಿದ್ದೆನಂತೆ. ಜೋಗಿ ಹಾಗೆಂದ.

"ಸಾರ್, ಒಳಗೆ ಯಾರೋ ಉಸಿರಾಡ್ತಾ ಅವ್ರೆ," ಎಂದೂ ಅಂದ. ಯಾರೂ ಇಲ್ಲ ಮಾರಾಯ, ಎರಡು ಕ್ರಿಯೆಗಳು ಒಂದನ್ನೊಂದು ತಡೆಯುತ್ತ, ಬಿಡುತ್ತ ಹೋಗುತ್ತವೆ ಎಂದು ವಿವರಿಸಿದೆ. ತಲೆಯಾಡಿಸಿದ. ಒಪ್ಪಿದಂತೆ ಕಾಣಲಿಲ್ಲ.

ಸಂಜೆ ಮಾಯಮ್ಮನಿಗೆ ಹೇಳಿದೆ. "ನಿಂತ ಮ್ಯಾಲೆ ಮತ್ತೆ ಸುರುವಾಗಕಿಲ್ವಾ?" ಎಂದಳು. ಇಲ್ಲ, ಒಳಗಿನ ಸರಕು ತೀರಿತು ಎಂದೆ. "ಪಾಪ," ಎಂದಳು. ದ್ರಾವಣಕ್ಕೆ ಪಾಪ ಎಂದವರನ್ನು ಇದೇ ಮೊದಲು ಕಂಡದ್ದು.

೬ ಡಿಸೆಂಬರ್, ಶುಕ್ರವಾರ

ವಸ್ತುಪ್ರದರ್ಶನದ ಮೊದಲ ದಿನ. ಗಂಟಲು ಕಟ್ಟಿದೆ, ಕಾಲು ಬಿದ್ದುಹೋಗಿವೆ, ಆದರೂ ಬರೆಯಬೇಕು.

ಒಬ್ಬ ಟೀ ಫ್ಯಾಕ್ಟರಿ ಮೇಸ್ತ್ರಿ ಮೇಜಿನ ಕೆಳಗೆ ಬಗ್ಗಿ ಸ್ವಿಚ್ಚು ಹುಡುಕಿದ. ವೆಲ್ಲಿಂಗ್ಟನ್ನಿನ ನಿವೃತ್ತ ಸುಬೇದಾರರೊಬ್ಬರು, ಇದರಿಂದ ಏನುಪಯೋಗ ಎಂದು ಮೂರು ಸಲ ಕೇಳಿದರು. ನಾನೂ ಮೂರು ಸಲ ಏನೂ ಇಲ್ಲವೆಂದೆ. ಗೂಡಲೂರಿನಿಂದ ಬಂದ ಬೇಕರಿಯವನು ಕೆಂಪು ಬಣ್ಣವೂ ಬರುವಂತೆ ಮಾಡಿದರೆ ಚೆನ್ನ ಎಂದು ಸಲಹೆ ಕೊಟ್ಟ. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳು ಪ್ರತಿ ನೀಲಿಗೂ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಅತಿಥಿಗಳನ್ನು ಕರೆತಂದು ನಾಲ್ಕು ಸುತ್ತು ತೋರಿಸಿ ಅರ್ಧದಲ್ಲೇ ಕರೆದೊಯ್ದರು. ಅರ್ಧಕ್ಕೆ ಎದ್ದುಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊನೆಯವರೆಗೆ ನೋಡಿದವನು ಮಾತ್ರ ಪ್ರಯೋಗ ನೋಡಿದವನು.

ಕೊನೆಯವರೆಗೆ ನೋಡಿದವರು ಒಬ್ಬರೇ, ನಾವು ಬಾಡಿಗೆಗಿರುವ ಮನೆಯ ಯಜಮಾನಿ ಮಹಾಲಿಂಗಮ್ಮ. ಬಿಳಿ ಶಾಲು ಹೊದ್ದು, ಕೈಮುಗಿದು, ಕಣ್ಣು ಮಿಟುಕಿಸದೆ ನಿಂತಿದ್ದರು. ನೀಲಿಗೆ ನಿಂತಿತು. ಅವರ ಮುಖ ಬಾಡಿತು. ಏನಮ್ಮ ಎಂದೆ.

"ಮಗಳ ಸಂಬಂಧ ಕೂಡ್ತದಾ ಅಂತ ಮನಸ್ನಲ್ಲೇ ಕೇಳಿದೆ ಮೇಷ್ಟ್ರೇ. ಜೇನಾದ್ರೆ ಬಲಗಡೆ ಹೂವು, ನೀಲಿ ಆದ್ರೆ ಎಡಗಡೆ ಹೂವು ಅಂತ. ಎಡಕ್ಕೇ ಬಿತ್ತಲ್ಲ."

ಗುಡಿಯಲ್ಲಿ ದೇವರ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ ಎನ್ನುವುದು ನಮ್ಮ ಸೀಮೆಯಲ್ಲೂ ಉಂಟು. ನಮ್ಮಪ್ಪ ಎತ್ತು ಕೊಳ್ಳುವುದಕ್ಕೂ ಹೂ ಕೇಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅಮ್ಮಾ, ಇದು ಯಾವಾಗಲೂ ನೀಲಿಗೇ ನಿಲ್ಲುತ್ತದೆ ಎಂದೆ. ಅವರು ನನ್ನನ್ನು ಅಯ್ಯೋ ಎನ್ನುವಂತೆ ನೋಡಿ ಹೋದರು.

೭ ಡಿಸೆಂಬರ್, ಶನಿವಾರ

ಮಹಾಲಿಂಗಮ್ಮ ಊರಿಗೆಲ್ಲ ಹೇಳಿದ್ದಾರೆ. ಬೆಳಿಗ್ಗೆಯಿಂದ ಸಾಲು. ಪಕ್ಕದ ಮೇಜಿನ ಜ್ವಾಲಾಮುಖಿಯತ್ತ ಯಾರೂ ತಲೆಹಾಕಲಿಲ್ಲ. ಬಂದವರು ಕಣ್ಣುಮುಚ್ಚಿ ಏನೋ ನೆನೆದು, ಕಣ್ಣು ಬಿಟ್ಟು, ಫ್ಲಾಸ್ಕನ್ನೇ ನೋಡುತ್ತ ನಿಲ್ಲುತ್ತಾರೆ. ಕೆಲಸ ಸಿಗುತ್ತದೆಯೇ, ಕೋರ್ಟಿನಲ್ಲಿ ಗೆಲ್ಲುತ್ತೇನೆಯೇ, ಗಂಡ ವಾಲ್ಪಾರೈಯಿಂದ ತಿರುಗಿ ಬರುತ್ತಾನೆಯೇ. ಪ್ರತಿ ಸಲವೂ ನಾನು ತಮಿಳು, ಕನ್ನಡ ಎರಡರಲ್ಲೂ ಗಟ್ಟಿಯಾಗಿ ಹೇಳಿದೆ: ಇದು ಕೊನೆಗೆ ನೀಲಿಯೇ, ಯಾರಿಗೂ ಬೇರೆ ಆಗುವುದಿಲ್ಲ. ಯಾರೂ ಕಿವಿಗೊಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಸರದಿ ಮಾತ್ರ ಬೇರೆಯಾದೀತೆಂದು ನಿಂತಿದ್ದರು. ಹದಿಮೂರು ಜನಕ್ಕೆ ಹದಿಮೂರು ಸಲ ಇಲ್ಲ ಎಂದು ಹೇಳಿದಂತಾಯಿತು. ಮೂರ್ಖರು ಎಂದು ಬರೆದು ಹೊಡೆದುಹಾಕಿದ್ದೇನೆ. ಆದರೂ ಮೂರ್ಖರೇ.

ಮಧ್ಯಾಹ್ನ ಮಾಯಮ್ಮನೂ ಬಂದಿದ್ದಳು. ಹಿಂದೆ ಗೋಡೆಗೊರಗಿ ಒಂದು ಪೂರ್ತಿ ಸರದಿ ನೋಡಿದಳು. ನನಗೆ ಹೆಮ್ಮೆಯಾಗಿ ಎಂದಿಗಿಂತ ಹೆಚ್ಚು ಮಾತಾಡಿದೆ. ಮುಗಿದು ತಿರುಗಿ ನೋಡುವಷ್ಟರಲ್ಲಿ ಹೋಗಿದ್ದಳು.

೧೯ ಡಿಸೆಂಬರ್, ಗುರುವಾರ

ಮಾಯಮ್ಮ ಮಗುವಿಗೆಂದು ಹೆಣೆಯುತ್ತಿದ್ದ ಉಲ್ಲನ್ ಟೋಪಿಯನ್ನು ಬುಟ್ಟಿಯ ತಳಕ್ಕೆ ಹಾಕಿದ್ದಾಳೆ. ಹತ್ತು ದಿನದಿಂದ ಸರಿಯಾಗಿ ಉಂಡಿಲ್ಲ. ಚಳಿಗೆ ಎಂದು ನಾನಂದುಕೊಂಡಿದ್ದೆ. ಇವತ್ತು ಆಸ್ಪತ್ರೆಯ ಮಾತೆತ್ತಿದರೆ, "ನಾನು ಬರಾಕಿಲ್ಲ," ಎಂದಳು. ಯಾಕೆ, ಯಾಕೆ ಎಂದು ಪೀಡಿಸಿದ ಮೇಲೆ ಹೊರಬಿತ್ತು.

"ಅವತ್ತು ನಾನೂ ಕೇಳ್ದೆ. ಇದಾದ್ರೂ ಉಳೀತದಾ ಅಂತ."

ನನ್ನ ಹೆಂಡತಿ! ನನ್ನ ಮನೆಯಲ್ಲಿ! ಕೂಗಾಡಿಬಿಟ್ಟೆ. ಅವಳು ಅಳಲಿಲ್ಲ, ಎದುರಾಡಲೂ ಇಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಹೋಗೋ ಮಗೀಗೆ ಎಲ್ಲಿ ಮಲಗುದ್ರೇನು? ಇಲ್ಲೇ ಇರ್ತೀನಿ ಬುಡಿ," ಎಂದಳು.

೨೨ ಡಿಸೆಂಬರ್, ಭಾನುವಾರ

ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ.

ಸಾಮಾನೆಲ್ಲ ಮನೆಗೆ ಹೊತ್ತು ತಂದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿಗೆ ಕಂಬಳಿ ಹೊದಿಸಿ, ನೋಡು ಎಂದೆ. ಏನೂ ಕೇಳಬೇಡ, ಸುಮ್ಮನೆ ನೋಡು. ಒಂದು ಸಲ ಮಾಡಿದೆ, ನೀಲಿ. ಅವಳೇ ಕಾಯಿಸಿಕೊಟ್ಟ ಗಂಜಿ ಹಾಕಿ ಎರಡನೆಯ ಸಲ ಮಾಡಿದೆ, ನೀಲಿ. ಫ್ಲಾಸ್ಕು ತೊಳೆದು ತೊಳೆದು ಅವಳ ಪಾತ್ರೆಗಳನ್ನೆಲ್ಲ ಹಾಳು ಮಾಡಿ ಮೂರನೆಯ ಸಲ ಮಾಡಿದೆ. ನೀಲಿ.

"ನೋಡಿದೆಯಾ? ಕೇಳಿದರೂ ನೀಲಿ, ಕೇಳದಿದ್ದರೂ ನೀಲಿ. ಇದಕ್ಕೂ ನಿನಗೂ ಏನೇನೂ ಸಂಬಂಧವಿಲ್ಲ."

ಅವಳು ಕಂಬಳಿಯನ್ನು ಮೊಣಕಾಲಿಗೆ ಎಳೆದುಕೊಂಡಳು. ಗೆದ್ದೆ ಎಂದುಕೊಂಡೆ.

"ಅದ್ನೇ ಅಲ್ವಾ ನಾನೂ ಹೇಳ್ತಿರದು. ಮೂರು ಸಲಾನೂ ಎಡಕ್ಕೇ ಬಿತ್ತು. ಎಲ್ಡು ಹೋದೊ, ಇದು ಮೂರ್ನೇದು."

ನಾನು ಸಾಬೀತುಪಡಿಸಿದ್ದು ಅವಳ ಮಾತನ್ನು. ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಶತ್ರುವೂ ಒದಗಿಸುತ್ತಿರಲಿಲ್ಲ.

೩೧ ಡಿಸೆಂಬರ್

ಬಿ.ಪಿ. ನೂರ ಅರವತ್ತು. ಕಾಲು ಊದಿವೆ. ಬರುವುದಿಲ್ಲ ಎಂದಳು. ಮಹಾಲಿಂಗಮ್ಮ ತಮ್ಮ ಕುಲದೇವತೆ ಹೆತ್ತಮ್ಮನ ಮೇಲೆ ಆಣೆ ಹಾಕಿ ಕರೆದರು, ಅದಕ್ಕೂ ಜಗ್ಗಲಿಲ್ಲ. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಹಿಮ.

೪ ಜನವರಿ ೧೯೭೫, ಶನಿವಾರ

ಗಂಜಿ ಇಲ್ಲದಿದ್ದರೆ ನೀಲಿಯೂ ಇಲ್ಲ. ನೀಲಿ ಬರುವುದು ಅಯೊಡಿನ್ನು ಗಂಜಿಗೆ ಸೇರಿ. ಗಂಜಿ ಬಿಟ್ಟರೆ ನೀರು, ಜೇನು, ನೀರು, ಜೇನು ಎಂದು ಆಡಿ ಕೊನೆಗೆ ಗಾಢ ಜೇನಿನಲ್ಲೇ ನಿಲ್ಲುತ್ತದೆ. ಎಂಟನೆಯ ತರಗತಿಯ ಹುಡುಗಿಗೂ ಗೊತ್ತಿರಬೇಕಾದ ವಿಷಯ. ಎರಡು ವಾರ ನನಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ ಬೇಡವೆಂದು ಪಕ್ಕಕ್ಕಿಟ್ಟಿದ್ದೆನೋ.

ಇವತ್ತು ಲ್ಯಾಬಿನಲ್ಲಿ ಮಾಡಿ ನೋಡಿದೆ. ಜೇನಿನಲ್ಲೇ ನಿಂತಿತು. ಜೋಗಿ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿದೆ.

"ಅಮ್ಮನಿಗೆ ಸುಳ್ಳು ತೋರಿಸ್ತೀರಾ ಸಾರ್?"

ಹೌದು ಎಂದೆ. ವಿದ್ಯಾರ್ಥಿ ಓದಿದ ಅಂಕಿಯನ್ನು ತಿದ್ದಿ ಬರೆದರೆ ರೆಕಾರ್ಡ್ ಪುಸ್ತಕವನ್ನೇ ಹರಿದುಹಾಕಿದವನು ನಾನು. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. ಜೋಗಿ ಸೀಸೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಚೀಲದಲ್ಲಿ ಜೋಡಿಸಿಕೊಟ್ಟ.

೫ ಜನವರಿ, ಭಾನುವಾರ

ಸುಳ್ಳು ಗೆದ್ದಿತು.

ಮತ್ತೊಂದು ಸಲ, ಕೊನೆಯ ಸಲ ಕೇಳಿ ನೋಡೋಣ, ಈ ಸಲ ನಾನೂ ನಿನ್ನ ಜೊತೆ ಕೇಳುತ್ತೇನೆ ಎಂದು ನಿನ್ನೆಯೇ ಹೇಳಿದ್ದೆ. ಬೆಳಿಗ್ಗೆ ನಾನೇಳುವಷ್ಟರಲ್ಲಿ ಆ ಊದಿದ ಕಾಲಿನಲ್ಲೇ ಅಡುಗೆಮನೆಯಲ್ಲಿ ಕೂತು ಆಲೂಗೆಡ್ಡೆ ತುರಿಯುತ್ತಿದ್ದಳು. ರೊಟ್ಟಿಗೆ ಇರಬೇಕೆಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಅವಸರದಲ್ಲಿ ದ್ರಾವಣಗಳನ್ನೆಲ್ಲ ಸಿದ್ಧಮಾಡಿ ಮುಗಿಸಿದೆ. ಮಹಾಲಿಂಗಮ್ಮನನ್ನೂ ಸಾಕ್ಷಿಗೆ ಕರೆದೆ. ಮೂವರೂ ಕಣ್ಣು ಮುಚ್ಚಿದೆವು. ನಾನು ಏನೂ ಕೇಳಲಿಲ್ಲ, ಮುಚ್ಚಿದಂತೆ ಮಾಡಿದೆ ಅಷ್ಟೆ. ಅಲ್ಲ, ಇಲ್ಲಿ ಯಾಕೆ ಸುಳ್ಳು? ಕೇಳಿದೆ.

ನೀರು, ಜೇನು. ನೀರು, ಜೇನು. ಒಂದು ಸಲವೂ ನೀಲಿ ಇಣುಕಲಿಲ್ಲ. ಮಹಾಲಿಂಗಮ್ಮ "ಬಲಗಡೆ! ಬಲಗಡೆ!" ಎಂದು ಮಾಯಮ್ಮನ ಭುಜ ಅಲ್ಲಾಡಿಸಿದರು. ಮಾಯಮ್ಮ ಫ್ಲಾಸ್ಕನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು.

"ಸರಿ. ನಾಳೀಕೆ ಆಸ್ಪತ್ರೆಗೆ ಹೋಗಾನ," ಎಂದಳು.

ಅನ್ನವನ್ನು ಎರಡನೆಯ ಸಲ ಬಡಿಸಿಕೊಂಡಳು.

೬ ಜನವರಿ, ಸೋಮವಾರ

ಸೇರಿಸಿ ಬಂದೆ. ಕಿಟಕಿ ಪಕ್ಕದ ಮಂಚ. ಟೋಪಿಯನ್ನೂ ಸೂಜಿಗಳನ್ನೂ ಜೊತೆಗೆ ತೆಗೆದುಕೊಂಡಿದ್ದಾಳೆ.

೧೭ ಜನವರಿ, ಶುಕ್ರವಾರ

ದಿನಾ ಶಾಲೆ ಬಿಟ್ಟ ಮೇಲೆ ಆರರವರೆಗೆ ಅವಳ ಹತ್ತಿರ ಕೂರುತ್ತೇನೆ. ಡಾಕ್ಟರು ಒಂದು ದಿನ ಪರವಾಗಿಲ್ಲ ಎನ್ನುತ್ತಾರೆ, ಒಂದು ದಿನ ಚಾರ್ಟು ನೋಡಿ ಮಾತೇ ಆಡುವುದಿಲ್ಲ. ನೂರ ಐವತ್ತು, ನೂರ ಎಪ್ಪತ್ತು, ನೂರ ನಲವತ್ತು. ಮಾಯಮ್ಮ ಟೋಪಿ ಮುಗಿಸಿದಳು. ಹಳದಿ. ಇಷ್ಟು ಚಿಕ್ಕದು ಸಾಕೇ ಎಂದರೆ, ಸಾಕು ಎಂದಳು.

ಒಂದು ವಿಚಿತ್ರ. ಅವಳು ನನ್ನನ್ನು ಸಮಾಧಾನ ಮಾಡುತ್ತಾಳೆ. "ಬಲಕ್ಕೇ ಬಿತ್ತಲ್ಲ, ಇನ್ಯಾತಕ್ಕೆ ಮೋರೆ ಹಿಂಗೆ ಮಾಡ್ಕತೀರಿ?" ಎನ್ನುತ್ತಾಳೆ. ಹೂಂ ಎನ್ನುತ್ತೇನೆ. ನನ್ನ ಸುಳ್ಳನ್ನು ನನಗೇ ತಿರುಗಿ ಬಡಿಸಿದರೆ ಉಣ್ಣುವುದು ಹೇಗೆ?

೨೫ ಜನವರಿ, ಶನಿವಾರ

ಹೋಯಿತು. ಹೆಣ್ಣು.

೨೭ ಜನವರಿ, ಸೋಮವಾರ

ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಅದನ್ನು ಬರೆದಿಡಬೇಕು. ಮಾಯಮ್ಮ ಉಳಿದಳು. ಮನೆಯಲ್ಲೇ ಇದ್ದಿದ್ದರೆ ಅವಳೂ ಉಳಿಯುತ್ತಿರಲಿಲ್ಲವಂತೆ. ಜೋಗಿ ಮತ್ತು ನಾನು ಮಣ್ಣು ಮಾಡಿ ಬಂದೆವು. ಟೋಪಿ ಸರಿಯಾಗಿ ಕೂತಿತು.

ಅವಳ ಸೀರೆ ತರಲು ಇವತ್ತು ಮನೆಗೆ ಹೋದೆ. ಸ್ಟೌವಿನ ಹಿಂದೆ ಒಂದು ಸಣ್ಣ ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು. ತೆಗೆದರೆ ಒಳಗೆ ಬಿಳಿಯ ಹಪ್ಪಳದಂಥದು ಒಣಗಿ ಬಿರುಕು ಬಿಟ್ಟಿತ್ತು. ಏನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಯೊಡಿನ್ ಹಾಕಿ ನೋಡುವ ಅಗತ್ಯವಿರಲಿಲ್ಲ.

ಗಂಜಿ. ಆ ಭಾನುವಾರದ್ದು. ನನ್ನ ಪ್ರಯೋಗಕ್ಕೆಂದು ಮಾಡಿ, ಆರದಿರಲೆಂದು ತಟ್ಟೆ ಮುಚ್ಚಿಟ್ಟಿದ್ದಳು. ನಾನು ಕೇಳಲೇ ಇಲ್ಲ.

ಅಡುಗೆಮನೆಯ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮಹಾಲಿಂಗಮ್ಮ ಬಂದು ಎಬ್ಬಿಸಿದರು.

೯ ಫೆಬ್ರವರಿ, ಭಾನುವಾರ

ಮಾಯಮ್ಮ ಮನೆಗೆ ಬಂದು ಆರು ದಿನ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಳು. ಇವತ್ತು ಕೇಳಿಯೇಬಿಟ್ಟೆ. ನಿನಗೆ ಗೊತ್ತಿತ್ತೇ?

"ಅವತ್ತು ಮನೇಲಿ ಮೂರು ಸಲ ಮಾಡುದ್ರಲ್ಲ, ನಿಮ್ಮ ಸೀಸೆ ತೊಳದ ನೀರು ನನ್ನ ಗಂಜಿ ಪಾತ್ರೆಗೆ ಬಿದ್ದು ನೀಲಿ ಆಯ್ತು. ಅನ್ನದ ತಪ್ಪಲೆಗೆ ಬಿದ್ದು ಅದೂ ನೀಲಿ ಆಯ್ತು. ಬರೀ ನೀರಿನ ಚೊಂಬಿಗೆ ಬಿದ್ರೆ ಆಗ್ನಿಲ್ಲ. ನಾನೇನು ಅಷ್ಟೂ ಕಾಣದೋಳಾ?"

ಹದಿನಾಲ್ಕು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಹೇಳಿಕೊಡದೆ ಇದನ್ನು ಕಂಡುಹಿಡಿದಿಲ್ಲ.

"ಹಾಗಿದ್ದ ಮೇಲೆ ಯಾಕೆ ಆಸ್ಪತ್ರೆಗೆ ಬಂದೆ?"

"ಹುಟ್ದಾಗ್ನಿಂದ ಸುಳ್ಳು ಹೇಳ್ದೋರಲ್ಲ ನೀವು. ನನಗೋಸ್ಕರ ಹೇಳುದ್ರಿ. ಮಹಾಲಿಂಗಮ್ಮೋರ ಮುಂದೆ ಕಣ್ಣು ಮುಚ್ಕಂಡು ಕೈಮುಗುದು ನಿಂತ್ಕಂಡ್ರಿ. ಹಂಗೆ ನಿಂತೋರ್ನ ನಾನು ಹೆಂಗೆ ಬುಟ್ಬುಡ್ಲಿ?" ಆಮೇಲೆ, "ಮಗು ಉಳೀತದೆ ಅನ್ನೋ ನಂಬ್ಕೆ ನಿಮಗೂ ಇಲ್ಲ ಅಂತ ಅವತ್ತೇ ಗೊತ್ತಾಯ್ತು," ಎಂದಳು.

ಅವಳು ಎದ್ದು ಒಳಗೆ ಹೋಗಿ ಸೊಪ್ಪು ಬಿಡಿಸತೊಡಗಿದಳು. ಮೂರನೆಯದೂ ಹೋಯಿತು. ಇನ್ನು ಕೇಳುವುದಕ್ಕೆ ನಮಗೆ ಏನೂ ಉಳಿದಿಲ್ಲ, ಅವಳಿಗೂ ಇಲ್ಲ, ನನಗೂ ಇಲ್ಲ.

೧೧ ಮಾರ್ಚ್, ಮಂಗಳವಾರ

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದರು. ಹೆಡ್‌ಮಾಸ್ಟರು ಮೊದಲು ಕರೆತಂದದ್ದೇ ನನ್ನ ಮೇಜಿಗೆ. ಈಗ ಅದು ಅವರ ಪ್ರಯೋಗವಾಗಿಬಿಟ್ಟಿದೆ. ಬಿಸಿಲಿನ ದಿನ, ಬಿಸಿನೀರು ಬೇಕಾಗಲಿಲ್ಲ. ದ್ರಾವಣ ಚೆನ್ನಾಗಿ ಆಡಿತು. ಹದಿನೇಳನೆಯ ಸಲ ಜೇನಿನ ಬಣ್ಣಕ್ಕೆ ಬರುತ್ತಲೇ ಫ್ಲಾಸ್ಕನ್ನು ಎತ್ತಿ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದೆ. ಕೊನೆಗೆ ಏನಾಗುತ್ತದೆ ಎಂದು ಇನ್‌ಸ್ಪೆಕ್ಟರು ಕೇಳಿದರು. ಹೀಗೇ ನಡೆಯುತ್ತಿರುತ್ತದೆ ಎಂದೆ. ಅವರು ಸಂತೋಷದಿಂದ ತಲೆದೂಗಿದರು.

ಅವರು ಹೋದ ಮೇಲೆ ಜೋಗಿ, "ಈಗೀಗ ಕೊನೇತನಕ ಬಿಡೋದೇ ಇಲ್ಲ ನೀವು," ಎಂದ. ಗಾಜಿಗೆ ಕಲೆ ಕಟ್ಟುತ್ತದೆ, ವಾಸನೆ ಬೇರೆ, ತೊಳೆಯುವವನು ನೀನೇ ತಾನೇ ಎಂದೆ. ನಿಜವೂ ಹೌದು, ಮೊದಲೇ ಸುರಿದುಬಿಟ್ಟರೆ ಫ್ಲಾಸ್ಕು ಚೊಕ್ಕಟವಾಗಿರುತ್ತದೆ, ಹೊತ್ತೂ ಉಳಿಯುತ್ತದೆ.

ಗಂಜಿ ಬೇಕೆಂದು ನಾನು ಹೇಳಿರಲಿಲ್ಲ. ಇನ್‌ಸ್ಪೆಕ್ಟರು ಬರುತ್ತಾರೆಂದು ನಿನ್ನೆ ಊಟದ ಹೊತ್ತಿನಲ್ಲಿ ಅಂದಿದ್ದೆ, ಅಷ್ಟೆ. ಬೆಳಿಗ್ಗೆ ಹೊರಡುವಾಗ ಮಾಯಮ್ಮ ಬಾಗಿಲಿಗೆ ಬಂದು, ಬಿಸಿಯಾಗಿದ್ದ ಸಣ್ಣ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. "ಮರೀಬ್ಯಾಡಿ," ಎಂದಳು. ಮರೆಯಲಿಲ್ಲ. ಪೂರ್ತಿ ಹಾಕಿದೆ.

ಸಿಂಕಿನಲ್ಲಿ ಇಳಿದುಹೋಗುವಾಗ ಅದು ಯಾವ ಬಣ್ಣದಲ್ಲಿತ್ತೆಂದು ನಾನು ನೋಡಲಿಲ್ಲ.